ಮರ ಕಡಿಯದೆ ದಪ್ಪ ಅಳೆಯುವುದು

ಕೇಳುಗರಿಗೆ ನಮಸ್ಕಾರ. ನಿಮ್ಮ ಹಿತ್ತಲಲ್ಲಿ ಒಂದು ತೇಗದ ಮರ ಇದೆ ಅಂದುಕೊಳ್ಳಿ. ಅದು ಎಷ್ಟು ದಪ್ಪ? ಸ್ಕೇಲ್ ಹಿಡಿದು ನೋಡೋಣ ಅಂದರೆ ಅಡ್ಡಳತೆ ಕಾಂಡದ ಒಳಗೆ ಕೂತಿದೆ. ಕಡಿದು ನೋಡಿದರೆ ಮರವೇ ಹೋಯಿತು. ಅದಕ್ಕೇ ಅರಣ್ಯದವರು ಟೇಪನ್ನು ಮರದ ಸುತ್ತ ಹಾಕುತ್ತಾರೆ. ನೆಲದಿಂದ 1.37 ಮೀಟರ್ ಮೇಲೆ, ಅಂದರೆ ಹೆಚ್ಚುಕಡಿಮೆ ಎದೆಮಟ್ಟದಲ್ಲಿ. ಸುತ್ತಳತೆ 220 ಸೆಂಟಿಮೀಟರ್ ಬಂತು ಅನ್ನಿ. ಅದನ್ನು 22ರಿಂದ ಭಾಗಿಸಿ, 7ರಿಂದ ಗುಣಿಸಿ. ಮರದ ದಪ್ಪ 70 ಸೆಂಟಿಮೀಟರ್.

ಇದು ಹೇಗೆ ಬಂತು? ಮನೆಯಲ್ಲೇ ನೋಡಬಹುದು. ಊಟದ ತಟ್ಟೆ ತಗೊಳ್ಳಿ. ಅದರ ಅಡ್ಡಳತೆಯಷ್ಟು ಉದ್ದಕ್ಕೆ ದಾರದ ತುಂಡುಗಳನ್ನು ಕತ್ತರಿಸಿ, ಅಂಚಿನ ಗುಂಟ ಒಂದಾದ ಮೇಲೊಂದು ಇಡಿ. ಮೂರು ತುಂಡು ಹಿಡಿಯುತ್ತವೆ. ಆಮೇಲೂ ಚೂರು ಜಾಗ ಉಳಿಯುತ್ತದೆ. ಬಳೆಗೂ ಅಷ್ಟೇ, ರೊಟ್ಟಿ ಹಂಚಿಗೂ ಅಷ್ಟೇ, ಬಾವಿಗೂ ಅಷ್ಟೇ. ಮೂರು, ಮತ್ತೊಂದು ಚೂರು. ಇದೇ ಪೈ. ಆಣೆ-ಪೈ ಲೆಕ್ಕದ ಪೈ ಅಲ್ಲ, ಗ್ರೀಕರ ಅಕ್ಷರ. 1706ರಲ್ಲಿ ವಿಲಿಯಂ ಜೋನ್ಸ್ ಎಂಬಾತ ಈ ಅಕ್ಷರವನ್ನು ಇದಕ್ಕೆ ಬಳಸಿದ.

ತಲೆನೋವು ಕೊಟ್ಟಿದ್ದು ಆ ಚೂರು. ಅದು ಏಳನೇ ಒಂದು ಭಾಗಕ್ಕಿಂತ ತುಸು ಕಡಿಮೆ ಎಂದು ಗ್ರೀಕರ ಗಣಿತಜ್ಞ ಆರ್ಕಿಮಿಡೀಸ್ ತೋರಿಸಿದ. ಮೂರಕ್ಕೆ ಏಳನೇ ಒಂದು ಭಾಗ ಸೇರಿಸಿದರೆ 22/7, ನಾವು ಮರಕ್ಕೆ ಬಳಸಿದ್ದು ಇದನ್ನೇ. ನಮ್ಮಲ್ಲಿ ಆರ್ಯಭಟ 499ರಲ್ಲಿ ಲೆಕ್ಕ ಹಾಕಿದ: ಅಡ್ಡಳತೆ 20000 ಇದ್ದರೆ ಸುತ್ತಳತೆ 62832. ಅಂದರೆ 3.1416. ಇಷ್ಟು ಹತ್ತಿರ ಹೋದವನೂ ಅದನ್ನು 'ಆಸನ್ನ' ಅಂದ. ಹತ್ತಿರದ್ದು, ಸರಿಯಾಗಿ ಅಷ್ಟೇ ಅಲ್ಲ ಅಂತ. ಪೂರ್ತಿ ಲೆಕ್ಕ ಯಾವ ಭಿನ್ನರಾಶಿಗೂ ಸಿಗುವುದಿಲ್ಲ ಎಂದು ಲ್ಯಾಂಬರ್ಟ್ ಎಂಬ ಗಣಿತಜ್ಞ ಸಾಧಿಸಿದ್ದು 1761ರ ಹೊತ್ತಿಗೆ.

ನನಗೆ ಜಾಸ್ತಿ ಇಷ್ಟ ನಮ್ಮ ಮಹಾವೀರಾಚಾರ್ಯ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವನು, ಒಂಬತ್ತನೇ ಶತಮಾನ. ಅವನ 'ಗಣಿತಸಾರಸಂಗ್ರಹ'ದಲ್ಲಿ ವೃತ್ತಕ್ಕೆ ಎರಡು ಲೆಕ್ಕ ಇದೆ. ಒಂದು ವ್ಯಾವಹಾರಿಕ: ಸುಮ್ನೆ ಮೂರರಿಂದ ಗುಣಿಸು. ಇನ್ನೊಂದು ಸೂಕ್ಷ್ಮ: ಹತ್ತರ ವರ್ಗಮೂಲದಿಂದ ಗುಣಿಸು, ಅಂದರೆ ಸುಮಾರು 3.162. ನಿಜ ಹೇಳಬೇಕೆಂದರೆ ಈ 'ಸೂಕ್ಷ್ಮ' ನಮ್ಮ ಶಾಲೆಯ 22/7ರಷ್ಟೂ ಸೂಕ್ಷ್ಮವಲ್ಲ! ಆದರೂ ಕೆಲಸಕ್ಕೆ ತಕ್ಕ ಲೆಕ್ಕ ಎಂದು ಬೇರೆ ಮಾಡಿದ್ದಾನಲ್ಲ, ಅದು ಜಾಣತನ. ನಮ್ಮ ತೇಗಕ್ಕೆ ಮೂರು ಹಾಕಿ ನೋಡಿ. ದಪ್ಪ 73 ದಾಟುತ್ತದೆ. ಮಾರುವವನಿಗೆ ಖುಷಿ, ಕೊಳ್ಳುವವನಿಗೆ ಜಗಳ.

ದಿಮ್ಮಿ ವ್ಯಾಪಾರದಲ್ಲಿ ಒಂದು ಹಳೆಯ ರೂಢಿ ಇದೆ. ಅಲ್ಲಿ ಪೈ ಮಾತೇ ಇಲ್ಲ. ಸುತ್ತಳತೆಯ ಕಾಲು ಭಾಗ ತಗೊಂಡು, ಅದನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸುತ್ತಾರೆ. 220ರಲ್ಲಿ ಕಾಲು 55. ಐವತ್ತೈದು ಐವತ್ತೈದಲೆ 3025. ವೃತ್ತದ ನಿಜವಾದ ವಿಸ್ತೀರ್ಣ ಸುಮಾರು 3850 ಚದರ ಸೆಂಟಿಮೀಟರ್. ಐದರಲ್ಲಿ ಒಂದು ಪಾಲಿಗಿಂತ ತುಸು ಜಾಸ್ತಿ ಮಾಯ! ಮೋಸ ಅನ್ನಿಸುತ್ತದೆ, ಅಲ್ವಾ? ಆದರೆ ದುಂಡು ದಿಮ್ಮಿಯನ್ನು ಚೌಕವಾಗಿ ಸೀಳುವಾಗ ಅಂಚಿನ ಹಲಗೆ, ಗರಗಸದ ಹೊಟ್ಟು ಎಲ್ಲಾ ಹೋಗುತ್ತದೆ. ಆ ನಷ್ಟವನ್ನು ಮೊದಲೇ ಕಳೆದಿಟ್ಟ ಲೆಕ್ಕ ಇದು. ಹಿತ್ತಲ ತೇಗ ಮಾರುವ ಯೋಚನೆ ಇದ್ದರೆ, ರೇಟು ಕೇಳುವ ಮೊದಲು ಒಂದು ಮಾತು ಕೇಳಿ: ಅಳತೆ ಕಾಲು ಸುತ್ತಿನದೋ, ಪೂರಾ ದುಂಡಿನದೋ?