ಊಟವೇ ಮೊದಲ ಮದ್ದು

ಕೇಳುಗರಿಗೆ ನಮಸ್ಕಾರ.

ತೂಕ ಏರೀತು ಎಂಬ ಭಯಕ್ಕೆ ಊಟ ಕಡಿಮೆ ಮಾಡುತ್ತಲೇ ಹೋಗುವ ಕಾಯಿಲೆ ಅನೊರೆಕ್ಸಿಯಾ. ಮೈ ಎಲುಬಿನ ಗೂಡಾಗಿದ್ದರೂ ಅವರ ಕಣ್ಣಿಗೆ ತಾವು ದಪ್ಪ. ಮಗಳನ್ನು ಕರೆದುಕೊಂಡು ಬರುವ ಅಮ್ಮಂದಿರು ನನಗೆ ಮೊದಲು ಹೇಳುವುದೇ, "ಇವಳಿಗೆ ಬರೀ ಹಟ ಡಾಕ್ಟ್ರೇ" ಅಂತ. ಅಲ್ಲಮ್ಮ, ಹಟ ಅಲ್ಲ. ಹಸಿವು ಅವಳ ಮನಸ್ಸನ್ನೇ ಹಿಡಿದುಕೊಂಡಿದೆ.

ಅವರಿಗೆ ನಾನು ಹೇಳುವ ಕಥೆ ಒಂದಿದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತು, 1944. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಆರಿಸಿಕೊಂಡರು. ಬಂದೂಕು ಹಿಡಿಯಲ್ಲ ಅಂದವರು, ಹಸಿದವರಿಗೆ ನೆರವಾಗಲಿ ಎಂದು ತಾವಾಗೇ ಬಂದವರು. ಮೈಯೂ ಗಟ್ಟಿ, ಮನಸ್ಸೂ ಗಟ್ಟಿ. 24 ವಾರ ಅವರಿಗೆ ಅರೆಹೊಟ್ಟೆ ಊಟ. ಆಮೇಲೆ ನೋಡಿ! ಹಗಲೂ ರಾತ್ರಿ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಒಂದು ತಟ್ಟೆ ಊಟವನ್ನು ಎಷ್ಟೋ ಹೊತ್ತು ಎಳೆದರು, ತಟ್ಟೆ ನೆಕ್ಕಿದರು. ಬೇಸಿಗೆಯಲ್ಲೂ ಚಳಿ. ಗೆಳೆಯರ ಜೊತೆ ಮಾತು ಬೇಡ, ಬರೀ ಸಿಡುಕು, ಮಂಕು. ನಾಡಿಯೂ ನಿಧಾನವಾಯಿತು. ಇವರಿಗೆ ಅನೊರೆಕ್ಸಿಯಾ ಇರಲಿಲ್ಲ, ಹಟವೂ ಇರಲಿಲ್ಲ. ಇಷ್ಟನ್ನೂ ಮಾಡಿದ್ದು ಹಸಿವು. ಊಟ ಮತ್ತೆ ಸಿಕ್ಕ ಮೇಲೂ ಮೊದಲಿನಂತಾಗಲು ತಿಂಗಳುಗಳೇ ಹಿಡಿದವು.

ಹಾಗಾಗಿ "ಮೊದಲು ಮನಸ್ಸು ಸರಿಹೋಗಲಿ, ಆಮೇಲೆ ಉಣ್ಣುತ್ತಾಳೆ" ಅಂತ ಕಾಯಬೇಡಿ. ಊಟವೇ ಮೊದಲ ಮದ್ದು. ಆದರೆ ತುಂಬಾ ಸೊರಗಿದವರಿಗೆ ಮನೆಯಲ್ಲಿ ಒಮ್ಮೆಲೇ ಜಾಸ್ತಿ ಬಡಿಸಬೇಡಿ. ರಕ್ತದಲ್ಲಿರುವ ಫಾಸ್ಫೇಟ್ ಎಂಬ ಲವಣ ಕುಸಿದು ಜೀವಕ್ಕೇ ಕುತ್ತು ಬರಬಹುದು. ಅಂಥವರಿಗೆ ಊಟವನ್ನು ಆಸ್ಪತ್ರೆಯಲ್ಲಿ, ರಕ್ತ ಪರೀಕ್ಷೆ ಮಾಡಿಸುತ್ತಾ, ಸ್ವಲ್ಪ ಸ್ವಲ್ಪವೇ ಏರಿಸಬೇಕು.

ಸುಮ್ನೆ ಬಿಟ್ಟರೆ? ಮುಟ್ಟು ನಿಲ್ಲುತ್ತದೆ. ಮೂಳೆ ಸವೆಯುತ್ತದೆ, ಸವೆದದ್ದು ಪೂರ್ತಿ ತುಂಬಿಕೊಳ್ಳದೆಯೂ ಇರಬಹುದು. ರಕ್ತದಲ್ಲಿರುವ ಪೊಟ್ಯಾಸಿಯಂ ಎಂಬ ಲವಣ ಇಳಿದರೆ ಹೃದಯದ ಬಡಿತ ತಪ್ಪುತ್ತದೆ. ಅಮೆರಿಕದ ಗಾಯಕಿ ಕರೆನ್ ಕಾರ್ಪೆಂಟರ್ 1983ರಲ್ಲಿ ತೀರಿಕೊಂಡಾಗ ಅವರಿಗೆ 32 ವರ್ಷ. ಈ ಕಾಯಿಲೆ ಅವರ ಹೃದಯವನ್ನೇ ಸೋಲಿಸಿತ್ತು. ಗಂಡುಮಕ್ಕಳಿಗೂ ಇದು ಬರುತ್ತದೆ, ಮರೆಯಬೇಡಿ.

ವಾಸಿಯಾಗುತ್ತಾ ಅಂತ ಕೇಳುತ್ತೀರಿ, ಅಲ್ವಾ? ಬಾಸ್ಟನ್‌ನ ವೈದ್ಯರು ಇಂಥ ಹೆಣ್ಣುಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. 9 ವರ್ಷಕ್ಕೆ ಮೂವರಲ್ಲಿ ಒಬ್ಬರಷ್ಟೇ ಚೇತರಿಸಿಕೊಂಡಿದ್ದರು. 22 ವರ್ಷಕ್ಕೆ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು! ಹತ್ತು ವರ್ಷವಾಯಿತು ಎಂದು ಕೈಚೆಲ್ಲಿ ಕೂತ ಅಪ್ಪ ಅಮ್ಮ ಯಾರಾದರೂ ಇದನ್ನು ಕೇಳುತ್ತಿದ್ದರೆ, ನಾಳೆಯೇ ಅವಳನ್ನು ಮತ್ತೆ ಕರೆದುಕೊಂಡು ಬನ್ನಿ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಮಸ್ಕಾರ.