ತೂತು ಸಣ್ಣದು ಸರಿ, ಆದ್ರೆ ಆ ಮಷೀನು ಯಾವುದಕ್ಕೆ ಟೆಸ್ಟ್ ಆಗಿದೆ?

ಎಲ್ರಿಗೂ ನಮಸ್ಕಾರ, ಕೋಲಾರದಿಂದ ಮಾತಾಡ್ತಿದೀನಿ. ಹೋದ ವಾರ ಶ್ರೀನಿವಾಸಪುರ ಕಡೆ ಹುಡುಗ ಒಬ್ಬ ಬಂದಿದ್ದ, ಇಪ್ಪತ್ತೆರಡು ವಯಸ್ಸು, ಈ ಬಿಸಿಲಲ್ಲೂ ಶರ್ಟ್ ಒಳಗೆ ಎರಡು ಬನೀನು. ಎದೆ ಉಬ್ಬಿದೆ ಅಂತ ಫ್ರೆಂಡ್ಸ್ ಆಡ್ಕೋತಾರಂತೆ, ಈಜೋಕೆ ಹೋಗೋದೇ ಬಿಟ್ಬಿಟ್ಟಿದಾನೆ. ಇದಕ್ಕೆ ಗೈನಕೊಮಾಸ್ಟಿಯಾ ಅಂತಾರೆ, ಹುಡುಗರಲ್ಲಿ ತುಂಬಾ ಕಾಮನ್, ನಾಚ್ಕೊಳ್ಳೋ ವಿಷಯ ಅಲ್ವೇ ಅಲ್ಲ.

"ಅಣ್ಣಾ, ಎದೆಯ ಕೊಬ್ಬು ತೆಗೆಯೋಕೆ ಹೊಸ ಮಷೀನ್ ಬಂದಿದೆಯಂತೆ, ಸಣ್ಣ ತೂತಷ್ಟೇ ಅಂತೆ, ಚರ್ಮಾನೂ ಟೈಟ್ ಆಗುತ್ತಂತೆ, ಮಾಡಿಸ್ಕೊಳ್ಳಲಾ?" ಅಂದ.

[ಕ್ಲೋಸ್‌ಅಪ್: ಕೈಯಲ್ಲಿ ಪೆನ್ ರೀಫಿಲ್]

ನೋಡಿ, ಕೊಬ್ಬು ಎಳೆಯೋ ಕ್ಯಾನುಲಾ ಹೆಚ್ಚುಕಮ್ಮಿ ಇಷ್ಟೇ ದಪ್ಪ, ಮೂರ್ನಾಲ್ಕು ಮಿಲಿಮೀಟರ್ ಸ್ಟೀಲ್ ಕೊಳವೆ, ತುದಿ ಮೊಂಡು, ಪಕ್ಕದಲ್ಲಿ ತೂತು. ಈಗಿನ ಕೆಲವು ಮಷೀನು ಚರ್ಮದ ಕೆಳಗೆ ಬಿಸೀನೂ ಕೊಡ್ತವೆ, ರೇಡಿಯೋ ಫ್ರೀಕ್ವೆನ್ಸಿ, ಲೇಸರ್, ಹೀಲಿಯಂ ಪ್ಲಾಸ್ಮಾ (ಕರೆಂಟ್ ಶಕ್ತಿ ಕೊಟ್ಟ ಹೀಲಿಯಂ ಗ್ಯಾಸ್) ಹೀಗೆ. ಒಳಗಿನ ಕೊಲಾಜನ್, ಅಂದ್ರೆ ಚರ್ಮಕ್ಕೆ ಬಿಗಿ ಕೊಡೋ ನಾರು, ಕುಗ್ಗಬೇಕಂದ್ರೆ ಸುಮಾರು 60 ಡಿಗ್ರಿ ಬೇಕು, ಮೇಲಿನ ಚರ್ಮ ಅಷ್ಟು ತಡ್ಕೊಳ್ಳಲ್ಲ, ಸುಟ್ಟೋಗುತ್ತೆ, ಎರಡರ ಮಧ್ಯೆ ಇರೋದು ಕೆಲವೇ ಮಿಲಿಮೀಟರ್. ಸಣ್ಣ ತೂತಿಂದ ಒಳಗಡೆ ಕಾಣೋದೂ ಕಮ್ಮಿ. ಟೆಸ್ಟಿಂಗ್ ಬೇಕಾಗಿರೋದೇ ಇಲ್ಲಿ.

ಮೊದ್ಲು ಲ್ಯಾಬು, ಆಮೇಲೆ ಪ್ರಾಣಿಗಳು (ಹಂದಿ ಚರ್ಮ ನಮ್ಮದಕ್ಕೆ ಹತ್ತಿರ, ಅದಕ್ಕೆ ಅದನ್ನೇ ಜಾಸ್ತಿ ಬಳಸ್ತಾರೆ), ಆಮೇಲೆ ಕೆಲವೇ ಜನರ ಮೇಲೆ ಪೈಲಟ್, ಅದು ಸರಿ ಹೋದ್ರೆ ದೊಡ್ಡ ಟ್ರಯಲ್. ನಮ್ಮ ದೇಶದಲ್ಲಿ ಇದಕ್ಕೆ 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಇದೆ. ಹೊಸ ಡಿವೈಸನ್ನ ಜನರ ಮೇಲೆ ಟ್ರಯಲ್ ಮಾಡೋಕೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಪರ್ಮಿಷನ್ ಬೇಕು, ಎಥಿಕ್ಸ್ ಕಮಿಟಿ ಒಪ್ಪಬೇಕು, ಎಲ್ಲಾ ತಿಳಿಸಿ ಹೇಳಿದ್ಮೇಲೇ ನಿಮ್ಮ ಸಹಿ ತಗೋಬೇಕು, ಟ್ರಯಲ್‌ನಿಂದ ತೊಂದ್ರೆ ಆದ್ರೆ ಚಿಕಿತ್ಸೆ ಟ್ರಯಲ್ ಮಾಡಿಸೋರದೇ ಖರ್ಚು.

ಈಗ ಮುಖ್ಯವಾದ್ದು ಕೇಳಿ. 2022ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಔಷಧ, ಡಿವೈಸ್‌ಗಳಿಗೆ ಒಪ್ಪಿಗೆ ಕೊಡೋ ಸಂಸ್ಥೆ ಎಫ್‌ಡಿಎ ಒಂದು ಹೀಲಿಯಂ ಪ್ಲಾಸ್ಮಾ ಡಿವೈಸ್ ಬಗ್ಗೆ ಎಚ್ಚರಿಕೆ ಕೊಡ್ತು. ಆಪರೇಷನ್‌ನಲ್ಲಿ ಟಿಶ್ಯೂ ಕತ್ತರಿಸೋಕೆ, ರಕ್ತ ನಿಲ್ಲಿಸೋಕೆ ಅಂತ ಒಪ್ಪಿಗೆ ಸಿಕ್ಕಿದ್ದನ್ನ ಚರ್ಮ ಬಿಗಿ ಮಾಡೋಕೂ ಬಳಸ್ತಿದ್ರು, ಸುಟ್ಟ ಗಾಯ, ಇನ್ಫೆಕ್ಷನ್ ವರದಿ ಬಂದಿದ್ವು. ಆಮೇಲೆ ಅದೇ ವರ್ಷ ಕೆಲವು ನಿರ್ದಿಷ್ಟ ಬಳಕೆಗೆ ಅದಕ್ಕೆ ಒಪ್ಪಿಗೆ ಸಿಕ್ತು. ಮಷೀನು ಅದೇ, ಒಪ್ಪಿಗೆ ಮಾತ್ರ ಒಂದೊಂದು ಕೆಲಸಕ್ಕೆ ಬೇರೆ ಬೇರೆ. "ಅಪ್ರೂವ್ಡ್" ಅಂದ್ರೆ ಯಾವುದಕ್ಕೆ ಅಂತ ಕೇಳಲೇಬೇಕು.

ಹುಡುಗ ಮೊಬೈಲ್‌ನಲ್ಲಿ ಟೈಪ್ ಮಾಡ್ಕೊಂಡ: ಈ ಮಷೀನ್ ಎದೆಗೆ ಟೆಸ್ಟ್ ಆಗಿದೆಯಾ, ನೀವು ಎಷ್ಟು ಜನಕ್ಕೆ ಮಾಡಿದೀರ, ಸುಟ್ಟರೆ ಏನ್ಮಾಡ್ತೀರ. "ಇಷ್ಟೆಲ್ಲಾ ಕೇಳಿದ್ರೆ ಡಾಕ್ಟರ್ ಬೇಜಾರ್ ಮಾಡ್ಕೊಳ್ಳಲ್ವಾ ಅಣ್ಣಾ?" ಅಂದ. ಒಳ್ಳೆ ಡಾಕ್ಟರ್ ಆದ್ರೆ ಕೂರಿಸ್ಕೊಂಡು ಹೇಳ್ತಾರೆ ಕಣೋ ಅಂದೆ. ಸೋಮವಾರ ಹೋಗ್ತಿದಾನೆ, ಅವನು ಒಪ್ಪಿದ್ರೆ ಏನಂದ್ರು ಅಂತ ಮುಂದಿನ ವಿಡಿಯೋದಲ್ಲಿ ಹೇಳ್ತೀನಿ.