ಮಗನನ್ನೇ ಕೊಂದ ಅಪ್ಪನ ಸೇಡು

ಸೇಡಿನ ನಾಟಕ ಅಂದ ಕೂಡಲೇ ಎಲ್ಲರೂ ಹ್ಯಾಮ್ಲೆಟ್ ಹತ್ತಿರ ಓಡುತ್ತಾರೆ. ಇವತ್ತು ಅವನನ್ನು ಅವನ ಪಾಡಿಗೆ ಬಿಡೋಣ. ನನ್ನ ತಕರಾರು ಇರುವುದು ಟೈಟಸ್ ಆಂಡ್ರೋನಿಕಸ್ ಜೊತೆ.

1594ರ ಜನವರಿಯಲ್ಲಿ ಲಂಡನ್ನಿನ ರೋಸ್ ಥಿಯೇಟರ್‌ನಲ್ಲಿ ಆಡಿದ ಶೇಕ್ಸ್‌ಪಿಯರ್ ನಾಟಕ. ಟೈಟಸ್ ರೋಮ್‌ನ ಸೇನಾಪತಿ. 25 ಗಂಡುಮಕ್ಕಳಲ್ಲಿ 21 ಮಂದಿ ಯುದ್ಧದಲ್ಲಿ ಸತ್ತರು, ಉಳಿದವರು ನಾಲ್ವರು. ಸತ್ತವರ ಶಾಂತಿಗೆ ಅಂತ ಸೆರೆಸಿಕ್ಕ ರಾಣಿ ಟಮೋರಾಳ ಹಿರಿಮಗನನ್ನು ಬಲಿ ಕೊಡುತ್ತಾರೆ. ನಿನಗೆ ನಿನ್ನ ಮಕ್ಕಳು ಹೇಗೋ ನನಗೆ ನನ್ನ ಮಗನೂ ಹಾಗೇ ಅಲ್ವಾ ಅಂತ ಅವಳು ಬೇಡುತ್ತಾಳೆ. ಟೈಟಸ್ ಕರಗುವುದಿಲ್ಲ.

ಅದೇ ಅಂಕದಲ್ಲಿ ಅವನ ಮಗಳು ಲವೀನಿಯಾಳನ್ನು ಚಕ್ರವರ್ತಿ ಕೇಳುತ್ತಾನೆ. ಅವಳು ಆಗಲೇ ಬೇರೆಯವನಿಗೆ ನಿಶ್ಚಯವಾದವಳು. ಅಪ್ಪ ಮಾತ್ರ ಹೂಂ ಅಂದುಬಿಡುತ್ತಾನೆ. ಅವಳ ಪರವಾಗಿ ಅಡ್ಡ ನಿಂತ ಮಗ ಮ್ಯೂಟಿಯಸ್‌ನನ್ನು ಅಲ್ಲೇ ಇರಿದು ಕೊಲ್ಲುತ್ತಾನೆ. ಹೆಣವನ್ನು ಮನೆತನದ ಗೋರಿಯಲ್ಲಿಡಲು ಉಳಿದವರು ಮಂಡಿಯೂರಿ ಬೇಡಬೇಕು. ನೆನಪಿಡಿ, ಟಮೋರಾ ಇನ್ನೂ ಸೇಡಿಗೆ ಕೈಹಾಕಿಯೇ ಇಲ್ಲ!

ಕೊನೆಗೆ ಟೈಟಸ್ ಟಮೋರಾಳ ಉಳಿದ ಮಕ್ಕಳನ್ನೇ ಬೇಯಿಸಿ ಅವಳಿಗೇ ಬಡಿಸುವ ಊಟ. ಎಲ್ಲರೂ ಮಾತಾಡುವುದು ಅದರ ಬಗ್ಗೆಯೇ. ಆದರೆ ಆ ಊಟದಲ್ಲಿ ಮೊದಲು ಸಾಯುವವಳು ಲವೀನಿಯಾ. ಆ ಮಕ್ಕಳು ಅತ್ಯಾಚಾರ ಮಾಡಿ, ಕೈ, ನಾಲಿಗೆ ಕತ್ತರಿಸಿದ ಹುಡುಗಿ. ಅವಳ ಅವಮಾನ ಅವಳ ಜೊತೆಗೇ ಸಾಯಲಿ ಅಂತ ಅಪ್ಪನೇ ಕೊಲ್ಲುತ್ತಾನೆ. ಅವಳನ್ನು ಒಂದು ಮಾತು ಕೇಳುವುದಿಲ್ಲ. ನಾಲಿಗೆ ಇಲ್ಲ, ನಿಜ. ಆದರೆ ಬಾಯಲ್ಲಿ ಕೋಲು ಕಚ್ಚಿ ಮರಳಿನ ಮೇಲೆ ಆ ಪಾಪಿಗಳ ಹೆಸರು ಬರೆದವಳಲ್ಲವೇ ಅವಳು?

ಇದಕ್ಕೆ ಮಕ್ಕಳ ಪ್ರೀತಿ ಅಂತ ಹೆಸರಿಡಬೇಡಿ. ಮನೆತನದ ಮರ್ಯಾದೆಗಾಗಿ ಮನೆಯವರನ್ನೇ ಮುಗಿಸಿದವನು ಟೈಟಸ್.

ನನ್ನ ಕರುಳು ಚುರುಕ್ ಅನ್ನುವುದು ಥಾಮಸ್ ಕಿಡ್‌ನ ಸೇಡಿನ ನಾಟಕ ಸ್ಪ್ಯಾನಿಷ್ ಟ್ರ್ಯಾಜಿಡಿಯ ಹೈರಾನಿಮೋನನ್ನು ಕಂಡಾಗ. ತಾನೇ ನ್ಯಾಯಾಧಿಕಾರಿ, ತನ್ನ ಮಗನ ಕೊಲೆಗೇ ನ್ಯಾಯವಿಲ್ಲ. ಮಗನನ್ನು ಕಳೆದುಕೊಂಡ ಮುದುಕನೊಬ್ಬ ಅರ್ಜಿ ಹಿಡಿದು ಬರುತ್ತಾನೆ. ಅವನ ಕಣ್ಣೊರೆಸಲು ಹೈರಾನಿಮೋ ಕರವಸ್ತ್ರ ತೆಗೆದರೆ, ಅದು ತನ್ನ ಮಗನ ರಕ್ತದಲ್ಲಿ ತೊಯ್ದಿದ್ದು. ತಲೆ ಕೆಟ್ಟು, ಅಲ್ಲಿದ್ದ ಇತರರ ಕಾಗದಪತ್ರಗಳನ್ನೂ ಹಲ್ಲಿನಿಂದ ಹರಿದು ಹಾಕುತ್ತಾನೆ. ಅಯ್ಯೋ, ಗುತ್ತಿಗೆ ಪತ್ರಕ್ಕೆ 10 ಪೌಂಡ್ ಕೊಟ್ಟಿದ್ದೆನಲ್ಲ ಅಂತ ಒಬ್ಬ ಗೋಳಾಡುತ್ತಾನೆ. ನಾನೆಲ್ಲಿ ಅದಕ್ಕೆ ಗಾಯ ಮಾಡಿದೆ, ಒಂದು ಹನಿ ರಕ್ತ ಬಿದ್ದಿದ್ದರೆ ತೋರಿಸು ಅನ್ನುತ್ತಾನೆ ಹೈರಾನಿಮೋ.